ಆಮೆನ್ ಗಂಟು

ಶುಕ್ರವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ಹೊಲಿಗೆಯಕ್ಕನಿಗೆ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು, ಬೆಂಚಿನ ತುದಿಯಿಂದ ಮೆಲ್ಲಗೆ ಎದ್ದು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತಿದ್ದಳು. ಒಳಗೆ ಒಬ್ಬೊಬ್ಬರಾಗಿ ಎದ್ದು, ತಮ್ಮ ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರವನ್ನು ಹೇಳುತ್ತಿದ್ದರು. ಒಬ್ಬರ ಮಗಳಿಗೆ ಕೆಲಸ ಸಿಕ್ಕಿತ್ತು. ಇನ್ನೊಬ್ಬರ ಮೂತ್ರಕೋಶದ ಕಲ್ಲು ಆಪರೇಷನ್ ಇಲ್ಲದೆ ಬಿದ್ದುಹೋಗಿತ್ತು. ಮೊನ್ನೆಯಂತೂ ಅಂಚೆ ಕಚೇರಿಯ ಗುಮಾಸ್ತರು, ಕಳೆದುಹೋಗಿದ್ದ ಬೀರುವಿನ ಕೀಲಿಕೈ ಮೂರನೇ ದಿನ ತಮ್ಮದೇ ಬೂಟಿನೊಳಗೆ ಸಿಕ್ಕಿದ್ದನ್ನು ಕಾಲು ಗಂಟೆ ವರ್ಣಿಸಿದರು. ಕಲ್ಲಿಗೂ ಕೀಲಿಕೈಗೂ ಸಭೆ ಒಂದೇ ದನಿಯಲ್ಲಿ 'ದೇವರಿಗೆ ಸ್ತೋತ್ರ' ಎಂದಿತು.

ಮೆಟ್ಟಿಲ ಮೇಲೆ ನಿಂತವಳು ಅದನ್ನೆಲ್ಲ ಕೇಳಿಸಿಕೊಂಡು ಹಲ್ಲು ಕಚ್ಚುತ್ತಿದ್ದಳು. ಗುಮಾಸ್ತರ ಬೂಟಿನೊಳಗೆ ಬಗ್ಗಿ ನೋಡಲು ಪುರುಸೊತ್ತಿರುವ ದೇವರಿಗೆ ತನ್ನ ತಮ್ಮನನ್ನು ಹುಡುಕಲು ಒಂಬತ್ತು ವರ್ಷ ಸಾಲಲಿಲ್ಲವೇ ಎಂಬುದು ಅವಳ ತಕರಾರು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಕೋರಿಕೆ ಸಲ್ಲಿಸುವ ಹೊತ್ತಿಗೆ ಮಾತ್ರ ಒಳಗೆ ಬಂದು, ಒಂಬತ್ತು ವರ್ಷದಿಂದ ಹೇಳುತ್ತಿದ್ದ ಅದೇ ಮಾತನ್ನು ಹೇಳಿ ಕೂರುತ್ತಿದ್ದಳು: ತಮ್ಮ ಮನೆಬಾಗಿಲಿಗೆ ಬರಬೇಕು. ಮೊದಮೊದಲು ಜನ ಅಯ್ಯೋ ಪಾಪವೆಂದು ಕಣ್ಣೊರೆಸಿಕೊಂಡಿದ್ದರು. ಈಗ ಅವಳು ಎದ್ದು ನಿಂತರೆ ಸಾಕು, ಸಭೆಯ ಪಾದ್ರಿ ಅಯ್ಯನವರು ತಮ್ಮನ ವಿಷಯ ತಾನೇ, ನೆನಪಿದೆ ಎಂದುಬಿಡುತ್ತಿದ್ದರು. ಒಳ್ಳೆಯ ಮನುಷ್ಯರೇ, ಆದರೆ ಅವರಿಗೂ ಕೊನೆಯ ಬಸ್ಸು ಹಿಡಿಯಬೇಕಿತ್ತು.

ಅವಳು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಹರಿದ ಬಟ್ಟೆ ಹೊಲಿಯುವವಳು. ಇಪ್ಪತ್ತೆರಡು ವರ್ಷದ ಕೆಲಸ. ಪಕ್ಕದ ಕೋಣೆಯಲ್ಲಿ ಚಾದರಗಳು ಕುದ್ದು, ಒಗೆಸಿಕೊಂಡು, ಒಣಗಿದ ಮೇಲೆ, ಹರಿದವನ್ನು ಲಾಂಡ್ರಿಯ ಮೇಸ್ತ್ರಿ ಬೇರೆ ತೆಗೆದು ಅವಳ ಮೇಜಿನ ಎಡಕ್ಕೆ ಒಟ್ಟುತ್ತಿದ್ದ. ಕಾಲಲ್ಲಿ ತುಳಿಯುವ ಹಳೆಯ ಮಿಷನ್ನು, ಮೇಲೆ ಛಾವಣಿಯ ಹತ್ತಿರ ಒಂದೇ ಒಂದು ಕಿಟಕಿ. ಅದರಲ್ಲಿ ಕಾಣುತ್ತಿದ್ದುದು ಹೊರಗೆ ನಡೆದುಹೋಗುವವರ ಪಾದಗಳು ಮಾತ್ರ. ಮೇಲಿನ ವಾರ್ಡುಗಳಿಗೆ ಅವಳು ಹೋದದ್ದೇ ಅಪರೂಪ. ಚಾದರ ಯಾವ ವಾರ್ಡಿನದು ಎಂಬುದು ಮೂಲೆಯಲ್ಲಿ ಶಾಯಿಯಲ್ಲಿ ಬರೆದ ನಂಬರಿನಿಂದ ತಿಳಿಯುತ್ತಿತ್ತು. ಅದರ ಮೇಲೆ ಮಲಗಿದವರ ಅವಸ್ಥೆಯನ್ನು ಕಲೆಗಳಿಂದ ಊಹಿಸಬಹುದಿತ್ತು. ಊಹಿಸದಿದ್ದರೆ ಮಧ್ಯಾಹ್ನ ಊಟ ಸೇರುತ್ತಿತ್ತು.

ಅಲ್ಲಿ ಕಟ್ಟುನಿಟ್ಟಿನ ಒಂದು ನಿಯಮವಿತ್ತು. ಕೈಹೊಲಿಗೆಯ ತೇಪೆಯನ್ನು ಹಾಗೇ ಬಿಡುವಂತಿಲ್ಲ. ವಾರ್ಡಿನ ಆಯಾಗಳು ಅವಸರದಲ್ಲಿ ನಾಲ್ಕು ಹೊಲಿಗೆ ಹಾಕಿ ದಪ್ಪಗೆ ಗಂಟು ಬಿಗಿದುಬಿಡುತ್ತಿದ್ದರು. ತಿಂಗಳುಗಟ್ಟಲೆ ಮಲಗಿದವರ ಬೆನ್ನಿಗೆ ಆ ಗಂಟು ಒತ್ತಿ ಹುಣ್ಣಾಗುತ್ತಿತ್ತು. ಆದ್ದರಿಂದ ಹಳೆಯ ಹೊಲಿಗೆಯನ್ನು ಬಿಚ್ಚಿ, ಮಿಷನ್ನಿನಲ್ಲಿ ಸಪಾಟಾದ ತೇಪೆ ಹಾಕಿ ಕಳಿಸಬೇಕು. ಬಿಚ್ಚುವ ಕೆಲಸಕ್ಕೆ ಹೊಲಿಗೆಯಕ್ಕನಿಗೆ ಕಣ್ಣು ಬೇಕಿರಲಿಲ್ಲ. ಬೆರಳಿಗೆ ಗಂಟು ಸಿಕ್ಕಿದೊಡನೆ ಕತ್ತರಿ ಆಡಿಸಿ, ದಾರ ಎಳೆದು, ಮೇಜಿನ ಕೆಳಗಿನ ತಗಡಿನ ಡಬ್ಬಕ್ಕೆ ಹಾಕುತ್ತಿದ್ದಳು. ಅದಕ್ಕೇ ಆ ಹೊತ್ತನ್ನು ಪ್ರಾರ್ಥನೆಗೆಂದು ಇಟ್ಟುಕೊಂಡಿದ್ದಳು. ಊಟವಾದ ಮೇಲೆ ಒಂದು ಗಂಟೆ, ಕಣ್ಣು ಮುಚ್ಚಿ ಕೂತು, ಕೈ ಬಿಚ್ಚುತ್ತಿದ್ದರೆ ಬಾಯಿ ತಮ್ಮನಿಗಾಗಿ ಬೇಡುತ್ತಿತ್ತು. ಮೇಸ್ತ್ರಿ ದೇವರು ದಿಂಡರು ಎಂದು ತಲೆಕೆಡಿಸಿಕೊಂಡವನಲ್ಲ. ಆದರೂ ಆ ಒಂದು ಗಂಟೆ ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದ.

ತಮ್ಮನನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ತಿನ್ನುವುದು ನಾಲ್ಕು ಕಾಳು, ಗಲಾಟೆ ಮಾತ್ರ ಮನೆ ತುಂಬ. ಅಕ್ಕನಿಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಬೇಗ ಹೋದದ್ದರಿಂದ ಅಮ್ಮ ಹಾಸಿಗೆ ದಿಂಬು ಹೊಲಿದು ಇಬ್ಬರನ್ನೂ ಸಾಕಿದಳು; ಸಾಕುತ್ತಲೇ ಇಬ್ಬರ ಕೈಗೂ ಸೂಜಿ ಕೊಟ್ಟಳು. ಅಕ್ಷರಕ್ಕೂ ಗುಬ್ಬಿಗೂ ಮೊದಲಿನಿಂದ ಆಗಿಬರಲಿಲ್ಲ, ಹೆಸರು ಬರೆಯಲೂ ಕಲಿಯಲಿಲ್ಲ. ಸೂಜಿ ಮಾತ್ರ ಅವನ ಮಾತು ಕೇಳುತ್ತಿತ್ತು. ಅಮ್ಮ ಎಡಗೈಯವಳಾದ್ದರಿಂದ ಅವಳ ಹೊಲಿಗೆ ಎಡಕ್ಕೆ ವಾಲುತ್ತಿತ್ತು, ನೋಡಿ ಕಲಿತ ಮಕ್ಕಳದ್ದೂ ವಾಲುತ್ತಿತ್ತು. ಹೊಲಿಗೆ ಮುಗಿಸುವುದಕ್ಕೂ ಅವಳದ್ದೇ ಒಂದು ಕ್ರಮ. ತುದಿ ಮುಟ್ಟಿದ ಮೇಲೆ ಸೂಜಿಯನ್ನು ಹಿಂದಕ್ಕೆ ತಿರುಗಿಸಿ ಮೂರು ಹೊಲಿಗೆ: ಒಂದು ತಂದೆಗೆ, ಒಂದು ಮಗನಿಗೆ, ಒಂದು ಪವಿತ್ರಾತ್ಮನಿಗೆ. ಆಮೇಲೆ ಬಟ್ಟೆಯ ಎರಡು ಪದರದ ನಡುವೆ, ಹೊರಗೆ ಕಾಣದಂತೆ, ಯಾರ ಮೈಗೂ ಒತ್ತದಂತೆ, ಒಂದು ಪುಟ್ಟ ಗಂಟು. ಅದಕ್ಕೆ ಅವಳಿಟ್ಟ ಹೆಸರು ಆಮೆನ್ ಗಂಟು. ಆಮೆನ್ ಹಾಕದೆ ಎದ್ದರೆ ಗುಬ್ಬಿಯ ಕಿವಿ ಹಿಂಡುತ್ತಿದ್ದಳು. ಸೂಜಿಯನ್ನು ಅಂಗಿಯ ಕಾಲರಿನೊಳಗೆ ಚುಚ್ಚಿಟ್ಟುಕೊಳ್ಳುವುದನ್ನೂ ಅವನು ಅವಳಿಂದಲೇ ಕಲಿತ.

ಕುಡಿತವನ್ನು ಎಲ್ಲಿಂದ ಕಲಿತನೋ ಗೊತ್ತಿಲ್ಲ, ಅದನ್ನೂ ಚೆನ್ನಾಗಿಯೇ ಕಲಿತ. ಅಮ್ಮ ಪಾರ್ಶ್ವವಾಯು ಬಡಿದು ಮಲಗಿದ ವರ್ಷ ಅವಳ ಹೊಲಿಗೆ ಮಿಷನ್ನನ್ನೇ ಹೊತ್ತೊಯ್ದು ಮಾರಿಬಿಟ್ಟ. ನಾಲ್ಕು ದಿನ ಪತ್ತೆಯಿರಲಿಲ್ಲ. ಐದನೇ ದಿನ ಭಾನುವಾರ. ಆರಾಧನೆಯಿಂದ ಬಂದು ಅಕ್ಕ ಒಲೆ ಹಚ್ಚುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಕುಡಿದಾಗ ಅವನು ಬಾಗಿಲನ್ನು ಒದೆಯುತ್ತಿದ್ದ. ಅಂದು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಕುಡಿದಿಲ್ಲವೆಂದು ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಮುಂದೆ ಅವಳನ್ನು ಸುಟ್ಟದ್ದು ಅದೇ. ಹೋಗಿ ಅಗುಳಿ ಹಾಕಿದಳು. ಅಮ್ಮ ಹಾಸಿಗೆಯಿಂದ ತೊದಲಿದಳು: "ಬಾಗ್ಲು ತೆಗಿಯೇ. ಅವ್ನೇ ಕಣೇ."

ಅಮ್ಮನಿಗೆ ಆ ಸದ್ದು ಕೇಳಿಸಬಾರದೆಂದು ಅಕ್ಕ ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಶುರುಮಾಡಿದಳು. ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಪ್ರಾರ್ಥಿಸಿದಳು. ಆಮೆನ್ ಎಂದು ಕಣ್ಣು ತೆರೆದಾಗ ತಟ್ಟುವುದು ನಿಂತಿತ್ತು. ಅಮ್ಮ ಮತ್ತೆರಡು ವರ್ಷ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದು, ಹಾಗೇ ತೀರಿಕೊಂಡಳು. ಆ ಎರಡು ವರ್ಷದಲ್ಲಿ ಮಗಳನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಅವಳು ಸಂಜೆ ಮನೆಗೆ ಬಂದರೆ ಊಟ ಮುಗಿಯುವ ತನಕ ಅಗುಳಿ ಹಾಕುತ್ತಿರಲಿಲ್ಲ. ದೇವರೊಡನೆ ಅವಳ ಕರಾರು ಸರಳವಾಗಿತ್ತು. ಅವನನ್ನು ಬಾಗಿಲಿಗೆ ಕರೆದು ತಾ, ಈ ಸಲ ನಾನು ತೆಗೆಯುತ್ತೇನೆ. ದೇವರು ಎಲ್ಲಿಗೆ ಕರೆತರಬೇಕೆಂಬುದನ್ನೂ ಅವಳೇ ಗೊತ್ತುಮಾಡಿದ್ದಳು. ಬಾಗಿಲು ಬಿಟ್ಟು ಬೇರೆ ಕಡೆ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಈ ವರ್ಷದ ಬೇಸಿಗೆ ಶುರುವಾದಾಗಿನಿಂದ ಏಳನೇ ವಾರ್ಡಿನ ಬಟ್ಟೆಮೂಟೆಗಳಲ್ಲಿ ಕೈಹೊಲಿಗೆ ಹಾಕಿದ ಚಾದರಗಳು ಬರತೊಡಗಿದವು. ಏಳನೇ ವಾರ್ಡೆಂದರೆ ಹೇಳುವವರು ಕೇಳುವವರು ಇಲ್ಲದ ರೋಗಿಗಳನ್ನು ಇಡುವ ಜಾಗ. ಚಾದರದ ನಡುವೆ ಗೇಣುದ್ದ ಹರಿದಿರುತ್ತಿತ್ತು, ಅದನ್ನು ಯಾರೋ ನೀಲಿ ದಾರದಲ್ಲಿ ಹೊಲಿದಿರುತ್ತಿದ್ದರು. ಆಸ್ಪತ್ರೆಯ ಕಂಬಳಿಯ ಅಂಚಿನಿಂದ ಕಿತ್ತ ದಾರ ಎಂದು ಮೇಸ್ತ್ರಿ ಗುರುತು ಹಿಡಿದ. "ಏಳನೇ ವಾರ್ಡಲ್ಲಿ ಯಾರೋ ನಿಮಗೆ ಪೈಪೋಟಿಗೆ ಅಂಗಡಿ ತೆಗೆದಿದ್ದಾರೆ ಕಣಕ್ಕಾ" ಎಂದು ನಗಾಡಿದ. ಅಕ್ಕನೂ ನಕ್ಕಳು. ನಗುತ್ತಲೇ ಅವನ್ನು ಮಧ್ಯಾಹ್ನದ ರಾಶಿಗೆ ಸೇರಿಸಿದಳು.

ಕಣ್ಣು ಮುಚ್ಚಿ ಬಿಚ್ಚುವಾಗ ಆ ಹೊಲಿಗೆ ಅವಳಿಗೆ ಬಲು ತ್ರಾಸು ಕೊಟ್ಟಿತು. ಗಂಟು ಬೆರಳಿಗೆ ಸಿಗುತ್ತಿರಲಿಲ್ಲ, ಪದರದೊಳಗೆ ಎಲ್ಲೋ ಅಡಗಿರುತ್ತಿತ್ತು. ಕತ್ತರಿಯ ಮೂತಿ ತೂರಿಸಿ, ತಡಕಿ, ಬುಡದಲ್ಲೇ ಕತ್ತರಿಸಬೇಕಿತ್ತು. ಪ್ರಾರ್ಥನೆಯ ನಡುವೆ ಗಮನ ಅತ್ತ ಹೋಗುತ್ತಿತ್ತು. ಗುಬ್ಬಿ ಎಲ್ಲಿದ್ದಾನೋ ಅಲ್ಲಿ ಅವನನ್ನು ಕಾಯಪ್ಪಾ ಎನ್ನುವಷ್ಟರಲ್ಲಿ ಈ ಹಾಳು ಗಂಟು ಅಡ್ಡ ಬರುತ್ತಿತ್ತು. ಅವಳ ಬೆರಳು ಏನೋ ಹೇಳಲು ನೋಡುತ್ತಿದ್ದಿರಬಹುದು. ಆದರೆ ಅವಳು ದೇವರ ಹತ್ತಿರ ಮಾತಾಡುತ್ತಿದ್ದಳು, ಬೆರಳಿನ ಮಾತು ಯಾರಿಗೆ ಬೇಕು?

ಎರಡು ತಿಂಗಳಾದ ಮೇಲೆ ಅವಳ ತಾಳ್ಮೆ ಕೆಟ್ಟಿತು. ಏಳನೇ ವಾರ್ಡಿನಲ್ಲಿ ಹೊಲಿಯುತ್ತಿರುವವರಿಗೆ ಹೊಲಿಗೆ ನಿಲ್ಲಿಸಲು ಹೇಳಿ, ಹಾಸಿಗೆಯಲ್ಲಿ ಸೂಜಿ ಇಟ್ಟುಕೊಳ್ಳುವುದು ಅಪಾಯ, ಕಿತ್ತುಕೊಳ್ಳಿ ಎಂದು ಮೇಸ್ತ್ರಿಯ ಕೈಲಿ ಹೇಳಿಕಳಿಸಿದಳು. ತಪ್ಪೇನೂ ಅಲ್ಲ, ನಿಯಮವೇ ಹಾಗಿತ್ತು. ಮುಂದಿನ ವಾರದಿಂದ ನೀಲಿ ದಾರ ಬರುವುದು ನಿಂತಿತು. ಅವಳ ಪ್ರಾರ್ಥನೆಯ ಹೊತ್ತು ಮತ್ತೆ ನಿರಾತಂಕವಾಯಿತು.

ಇದಾಗಿ ಮೂರು ವಾರಕ್ಕೆ, ಒಂದು ಬುಧವಾರ, ರಾಶಿಯ ತಳದಲ್ಲಿ ಉಳಿದಿದ್ದ ಹಳೆಯ ಚಾದರವೊಂದು ಅವಳ ಕೈಗೆ ಬಂತು. ಕತ್ತರಿಯನ್ನು ಸಾಣೆಗೆ ಕೊಟ್ಟಿದ್ದರಿಂದ ಅರ್ಧ ಬ್ಲೇಡು ಹಿಡಿದು ಕೂತಿದ್ದಳು. ಕಣ್ಣು ಮುಚ್ಚಿದಳು, ಬಾಯಿ ಎಂದಿನ ಮಾತುಗಳನ್ನು ಶುರುಮಾಡಿತು, ಬೆರಳು ಗಂಟು ಹುಡುಕಿತು. ಗಂಟು ಸಿಗಲಿಲ್ಲ. ಸಿಟ್ಟಿನಿಂದ ಹೊಲಿಗೆಯ ನಡುವಿಗೇ ಬ್ಲೇಡು ಹಾಕಿ ಎಳೆದಾಗ ಅದು ಜಾರಿ ಹೆಬ್ಬೆರಳನ್ನು ಕುಯ್ದಿತು. ಚಾದರಕ್ಕೆ ರಕ್ತ ಬಿತ್ತೇನೋ ಎಂದು ಗಾಬರಿಯಿಂದ ಕಣ್ಣು ತೆರೆದಳು.

ರಕ್ತ ಬಿದ್ದಿತ್ತು. ಅದರ ಪಕ್ಕದಲ್ಲೇ ನೀಲಿ ಹೊಲಿಗೆ ಎಡಕ್ಕೆ ವಾಲಿಕೊಂಡು ಸಾಗಿತ್ತು. ತುದಿಯಲ್ಲಿ ಹಿಂದಕ್ಕೆ ತಿರುಗಿದ ಹೊಲಿಗೆಗಳು. ಒಂದು, ಎರಡು, ಮೂರು. ಆಮೇಲೆ ಏನೂ ಇಲ್ಲ, ಏಕೆಂದರೆ ನಾಲ್ಕನೆಯದು ಒಳಗಿರಬೇಕು. ಪದರ ಬಿಡಿಸಿ ನೋಡಿದಳು. ಇತ್ತು.

ಮೇಜಿನ ಕೆಳಗಿನ ಡಬ್ಬವನ್ನು ಎಳೆದು ನೆಲಕ್ಕೆ ಸುರಿದಳು. ಬಿಳಿ ದಾರ, ಕಂದು ದಾರ, ಅವುಗಳ ನಡುವೆ ನೀಲಿ. ಒಂದೊಂದಾಗಿ ಆರಿಸಿದಳು. ಪ್ರತಿಯೊಂದರ ಕೊನೆಗೂ ಕತ್ತರಿಸಿದ ಪುಟ್ಟ ಗಂಟು ಹಾಗೇ ಇತ್ತು. ಹನ್ನೊಂದು. ಬಾಗಿಲು ಮುಂದೆ ಮಾಡಿ ಹೋಗಿದ್ದ ಮೇಸ್ತ್ರಿ ಸದ್ದು ಕೇಳಿ ಒಳಗೆ ಬಂದಾಗ ಅಕ್ಕ ಚಾದರವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

ಏಳನೇ ವಾರ್ಡಿನ ಬಾಗಿಲಲ್ಲಿ ಸಿಸ್ಟರು ಅವಳನ್ನು ತಡೆದರು. ಚಾದರ ತೋರಿಸಿ, ಇದನ್ನು ಹೊಲಿದವನು ಇದ್ದಾನೋ ಇಲ್ಲವೋ ಎಂದಷ್ಟೇ ಕೇಳಿದಳು. ಇದ್ದಾನೆ, ಹದಿನಾರನೇ ಬೆಡ್ಡು, ಆದರೆ ನಿನ್ನೆಯಿಂದ ಎಚ್ಚರವಿಲ್ಲ ಎಂದರು ಸಿಸ್ಟರು. ನಿಮಗೇನಾಗಬೇಕು ಎಂದು ಕೇಳಿದರು.

"ತಮ್ಮ."

ಸಿಸ್ಟರ ಮುಖ ಇಳಿದುಹೋಯಿತು. ಬೆಡ್ಡಿನ ತನಕ ನಡೆಯುವಷ್ಟರಲ್ಲಿ ಅವರು ಹೇಳಿದ್ದಿಷ್ಟು. ಬಸ್ ನಿಲ್ದಾಣದಲ್ಲಿ ಬಿದ್ದಿದ್ದವನನ್ನು ಯಾರೋ ತಂದು ಹಾಕಿದ್ದರು. ಗಂಟಲಲ್ಲಿ ಗೆಡ್ಡೆ, ಉಸಿರಾಡಲು ಕತ್ತಿಗೆ ತೂತು ಮಾಡಿ ಕೊಳವೆ ಇಟ್ಟಿದ್ದರು, ಮಾತು ಬರುತ್ತಿರಲಿಲ್ಲ, ಬರೆಯಲೂ ಬರುತ್ತಿರಲಿಲ್ಲ. ನಿನ್ನವರು ಯಾರಾದರೂ ಇದ್ದಾರಾ ಎಂದು ಕೇಳಿದರೆ ಬೆರಳನ್ನು ನೆಲದ ಕಡೆ ತೋರಿಸುತ್ತಿದ್ದ. ಎಲ್ಲರೂ ಮಣ್ಣು ಸೇರಿದ್ದಾರೆ ಎಂದುಕೊಂಡು ಯಾರೂ ಇಲ್ಲ ಅಂತ ಬರೆದುಕೊಂಡೆವು ಎಂದರು. ಆ ಬೆಡ್ಡಿನ ನೆಟ್ಟಗೆ ಕೆಳಗೆ, ಎರಡು ಅಂತಸ್ತು ಇಳಿದರೆ, ಹೊಲಿಗೆಯ ಕೋಣೆ.

"ಹರಿಯದ ಚಾದರಾನೂ ಹಲ್ಲಲ್ಲಿ ಹರಿದು ಹೊಲೀತಿದ್ರು" ಎಂದರು ಸಿಸ್ಟರು. "ಒಗೆದು ವಾಪಸ್ ಬಂದಾಗ ತೇಪೆ ಹುಡುಕಿ ನೋಡೋರು. ಮಿಷನ್ ಹೊಲಿಗೆ ಕಂಡ್ರೆ ಗೋಡೆ ಕಡೆ ತಿರುಗಿ ಮಲಗಿಬಿಡೋರು. ಮತ್ತೆ ಎರಡು ದಿನ ಬಿಟ್ಟು ಇನ್ನೊಂದು ಹರೀತಿದ್ರು. ಕೆಳಗಿಂದ ಹೇಳಿಕಳಿಸಿದ್ರಲ್ಲ, ಸೂಜಿ ತಗೊಂಡ್ವಿ. ಆಮೇಲೆ ಗಂಜೀನೂ ಸರಿಯಾಗಿ ಇಳಿಸ್ಲಿಲ್ಲ."

ಅವನು ತಟ್ಟುತ್ತಿದ್ದ. ಒಂಬತ್ತು ವರ್ಷದ ಹಿಂದೆ ಬೆರಳ ಗೆಣ್ಣಿನಿಂದ, ಈಗ ಸೂಜಿಯಿಂದ. ಪ್ರತಿ ಸಲವೂ ಅವಳು ಒಳಗಿನಿಂದ ಅಗುಳಿ ಹಾಕಿ, ಸಪಾಟಾಗಿ ಮಿಷನ್ ಹೊಡೆದು ಉತ್ತರ ಕಳಿಸಿದ್ದಳು. ಕೊನೆಗೆ ತಟ್ಟುವ ಕೈಯನ್ನೇ ಹಿಡಿಸಿದ್ದಳು. ಎರಡು ಸಲವೂ ಅವಳು ಪ್ರಾರ್ಥನೆಯಲ್ಲಿದ್ದಳು.

ಹದಿನಾರನೇ ಬೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವನನ್ನು ನೋಡಿ ಅವಳಿಗೆ ಮೊದಲು ಗುರುತೇ ಸಿಗಲಿಲ್ಲ. ಮೂಳೆಯ ಮೇಲೆ ಚರ್ಮ, ಬೋಳು ತಲೆ, ಕತ್ತಿನಲ್ಲಿ ಕೊಳವೆ ಸೊರಸೊರ ಎನ್ನುತ್ತಿತ್ತು. ಕಿವಿ ನೋಡಿ ಗುರುತು ಹಿಡಿದಳು. ಅಮ್ಮ ಹಿಂಡುತ್ತಿದ್ದ ಅದೇ ದೊಡ್ಡ ಕಿವಿ. "ಗುಬ್ಬೀ" ಎಂದಳು. ಅವನು ಅಲುಗಲಿಲ್ಲ. ಬಂದಿದ್ದೀನಿ ಎಂದಳು, ಬಾಗಿಲು ತೆಗೆದಿದ್ದೀನಿ ಕಣೋ ಎಂದಳು, ಗೊತ್ತಾಗಲಿಲ್ಲ ಕಣೋ ಎಂದು ಹತ್ತು ಸಲ ಹೇಳಿದಳು. ಕೊಳವೆಯ ಸದ್ದು ಒಂದೇ ಸಮನೆ ಸಾಗಿತ್ತು.

ಮಾತು ಸಾಲದೆಂದು ತಿಳಿದ ಮೇಲೆ ಸಿಸ್ಟರ ಹತ್ತಿರ ಆ ಸೂಜಿ ಕೇಳಿ ಇಸಿದುಕೊಂಡಳು. ಕಂಬಳಿಯ ಅಂಚಿನಿಂದ ಒಂದು ನೀಲಿ ಎಳೆ ಕಿತ್ತಳು. ಬ್ಲೇಡಿನಿಂದ ತಾನು ಅರ್ಧಕ್ಕೆ ಕುಯ್ದಿದ್ದ ಅವನ ಹೊಲಿಗೆಯನ್ನು ಕುಯ್ದಲ್ಲಿಂದಲೇ ಹಿಡಿದು ಹೊಲಿಯತೊಡಗಿದಳು. ಇಪ್ಪತ್ತೆರಡು ವರ್ಷ ಮಿಷನ್ ತುಳಿದ ಕೈ, ಮೊದಲ ನಾಲ್ಕು ಹೊಲಿಗೆ ಸೊಟ್ಟಗಾದವು. ಆಮೇಲೆ ತಾನಾಗಿಯೇ ಎಡಕ್ಕೆ ವಾಲಿದವು. ತುದಿ ಮುಟ್ಟಿ ಹಿಂದಕ್ಕೆ ತಿರುಗಿದಳು. ತಂದೆಗೆ ಒಂದು, ಮಗನಿಗೆ ಒಂದು, ಪವಿತ್ರಾತ್ಮನಿಗೆ ಒಂದು, ಒಳಗೆ ಆಮೆನ್. ಅವನ ಬಲಗೈಯ ತೋರುಬೆರಳನ್ನು ಹಿಡಿದು ಆ ಹೊಲಿಗೆಯ ಮೇಲಿಟ್ಟಳು.

ಬೆರಳು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಸರಿಯಿತು. ಮೊದಲ ಹೊಲಿಗೆ ದಾಟಿತು, ಎರಡನೆಯದು, ಮೂರನೆಯದು, ಗಂಟು ಅಡಗಿದ್ದ ಕಡೆ ಹೋಗಿ ನಿಂತಿತು. ಅದು ತಿಳಿದು ಸರಿದದ್ದೋ, ಸಾಯುವವರ ಕೈ ಸುಮ್ಮನೆ ಆಡುವುದುಂಟಲ್ಲ ಹಾಗೋ, ಹೇಳಲು ಬರುವುದಿಲ್ಲ. ಸಿಸ್ಟರನ್ನು ಕೇಳಿದಳು, ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವನ ಮುಖ ಮಾತ್ರ ಗೋಡೆಯ ಕಡೆಗೇ ಇತ್ತು. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಕೊಳವೆಯ ಸದ್ದು ನಿಂತಿತು.

ಆ ಚಾದರದಲ್ಲೇ ಅವನನ್ನು ಸುತ್ತಿದಳು. ಆಸ್ಪತ್ರೆಯ ಚಾದರ ಹೊರಗೆ ಒಯ್ಯುವಂತಿಲ್ಲ. ಮೇಸ್ತ್ರಿ ಏನೂ ಕೇಳದೆ, ಹರಿದು ಕೆಲಸಕ್ಕೆ ಬಾರದ್ದು ಎಂದು ಚೀಟಿ ಬರೆದು ಕೊಟ್ಟ. ಅವನ ಕಣ್ಣು ಕೆಂಪಗಿತ್ತು. ಅಂದು ಸಂಜೆಯೇ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದರು. ಮಣ್ಣಿಗೆ ಬಂದದ್ದು ಅಯ್ಯನವರು, ಮೇಸ್ತ್ರಿ, ಗುಮಾಸ್ತರು ಮತ್ತು ಅವಳು.

ಮರುದಿನ ಶುಕ್ರವಾರ. ಅವಳು ಕೂಟಕ್ಕೆ ಬರಲಾರಳೆಂದೇ ಎಲ್ಲರೂ ತಿಳಿದಿದ್ದರು. ಬಂದು ಎಂದಿನ ಬೆಂಚಿನ ತುದಿಯಲ್ಲಿ ಕೂತಳು. ಸಾಕ್ಷಿಯ ಹೊತ್ತಿಗೆ ಕೆಮ್ಮು ಬರಲಿಲ್ಲ. ಎದ್ದು ನಿಂತಳು.

"ಒಂಬತ್ತು ವರ್ಷ ಬೇಡಿದ್ದಕ್ಕೆ ದೇವ್ರು ಉತ್ತರ ಕೊಟ್ಟಿದ್ರು" ಎಂದಳು. "ಒಂದ್ಸಲ ಅಲ್ಲ. ನನ್ನ ಮೇಜಿನ ಮೇಲೆ, ನನ್ನ ಕೈಗೇ ತಂದಿಟ್ರು."

ಹಿಂದಿನ ಸಾಲಿನಿಂದ ಯಾರೋ ಅಭ್ಯಾಸಬಲದಿಂದ 'ದೇವರಿಗೆ ಸ್ತೋತ್ರ' ಎಂದು ನಾಲಿಗೆ ಕಚ್ಚಿಕೊಂಡರು. ಅವಳು ಮುಷ್ಟಿ ಬಿಚ್ಚಿ ನೀಲಿ ದಾರಗಳನ್ನು ತೋರಿಸಿದಳು.

"ಹನ್ನೊಂದು. ಹನ್ನೊಂದನ್ನೂ ನಾನು ಕಣ್ಮುಚ್ಕೊಂಡು ಬಿಚ್ಚಿದೆ. ಅವನನ್ನ ಕರ್ಕೊಂಡು ಬಾ ಅಂತ ಬೇಡ್ಕೊಳ್ತಾನೇ ಬಿಚ್ಚಿದೆ."

ಅಷ್ಟು ಹೇಳಿ ಕೂತಳು. ಉತ್ತರ ಕೊಡದ ದೇವರ ಮೇಲೆ ಸಿಟ್ಟು ಮಾಡಿಕೊಂಡು ಒಂಬತ್ತು ವರ್ಷ ಹೇಗೋ ಬದುಕಿದ್ದಳು. ಕೊಟ್ಟ ದೇವರೊಡನೆ ಹೇಗೆ ಬದುಕುವುದೆಂದು ಅವಳಿಗೆ ತಿಳಿಯಲಿಲ್ಲ. ಆ ಸಂಜೆ ಅಯ್ಯನವರಿಗೆ ಬಸ್ಸಿನ ನೆನಪೂ ಬರಲಿಲ್ಲ. ಪ್ರಾರ್ಥನೆ ಮಾಡೋಣ ಎಂದಷ್ಟೇ ಅಂದರು.

ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಹೊಲಿಗೆಯಕ್ಕ ಮುಚ್ಚಲಿಲ್ಲ. ಆಮೇಲೂ ಮುಚ್ಚಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಆಕೆ ಕಣ್ಣು ಬಿಟ್ಟುಕೊಂಡು ಸುತ್ತ ನೋಡುತ್ತ ಕೂರುತ್ತಾಳೆಂದು ಒಬ್ಬಿಬ್ಬರು ಅಯ್ಯನವರಿಗೆ ದೂರು ಹೇಳಿದರು. ಹಾಗೆ ಕಂಡವರೂ ಕಣ್ಣು ಬಿಟ್ಟುಕೊಂಡೇ ಇದ್ದರಲ್ಲ, ಅದನ್ನು ಅಯ್ಯನವರು ಕೇಳಲಿಲ್ಲ. ಈಗಲೂ ಕೈಹೊಲಿಗೆಯ ಚಾದರ ಕೆಳಗೆ ಬಂದರೆ ಅವಳು ಬಿಚ್ಚುವುದಿಲ್ಲ. ಮೊದಲು ಅದನ್ನು ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿ, ವಾರ್ಡಿನ ಬಾಗಿಲಲ್ಲಿ ನಿಂತು, ಇದನ್ನು ಹೊಲಿದವರು ಯಾರು ಎಂದು ಕೇಳುತ್ತಾಳೆ.